ಕಡಲೆ ಹುಳಿ ಹಿಂಡಿದ ಬಟ್ಟೆ

ಹಿತ್ತಲಿನ ತಂತಿಯ ಮೇಲೆ ಬಿಳಿ ಬಟ್ಟೆ ಒಣಗುತ್ತಿದ್ದರೆ ಈಗೀಗ ನಾನು ಹತ್ತಿರ ಹೋಗಿ ಮೂಸಿ ನೋಡುತ್ತೇನೆ. ಧೋತರವಿರಲಿ, ಹಾಸಿಗೆಯ ಹೊದಿಕೆಯಿರಲಿ, ಮೂಸದೆ ಮುಂದೆ ಹೋಗಲು ಕಾಲೇಳುವುದಿಲ್ಲ. ಮೊನ್ನೆ ಪಕ್ಕದ ಮನೆಯವರ ತಂತಿಗೂ ಮೂಗು ಹಚ್ಚಿ ನಿಂತಿದ್ದೆ. ಆ ಮನೆಯಾಕೆ ಬಾಗಿಲಿಗೆ ಬಂದು, "ಯಾಕ್ರೀ ಮೇಡಮ್ಮಾರ, ಯಾವ ಸಾಬೂನು ಅಂತ ನೋಡಾಕ್ಹತ್ತೀರೇನು? ಕೇಳಿದ್ರ ನಾನ ಹೇಳತಿದ್ನಲ್ಲರಿ" ಎಂದರು. ಏನೋ ಹೇಳಿ ನಕ್ಕು ಒಳಗೆ ಬಂದೆ. ನಾನು ಹುಡುಕುವ ವಾಸನೆ ಸಾಬೂನಿನದಲ್ಲ ಎಂದು ಅವರಿಗೆ ಹೇಳಲು ಹೋಗಿದ್ದರೆ ಅವರ ಒಲೆಯ ಮೇಲಿನ ಹಾಲು ಉಕ್ಕಿ ಹೋಗುತ್ತಿತ್ತು. ನಿಮಗೆ ಹೇಳಬಹುದು. ನೀವು ಹೇಗೂ ಪುರಸೊತ್ತು ಮಾಡಿಕೊಂಡು ಕೂತಿದ್ದೀರಿ.

ಕಡಲೆ ಹುಳಿ ಎಂದರೆ ಏನೆಂದು ಗೊತ್ತಿದ್ದವರು ಮುಂದಿನ ನಾಲ್ಕು ಸಾಲು ದಾಟಿಕೊಂಡು ಹೋಗಬಹುದು. ನಮ್ಮ ಶಲವಡಿಯ ಸುತ್ತ ಎಲ್ಲ ಎರೆಹೊಲ. ಹಿಂಗಾರಿಗೆ ಜೋಳ, ಇಲ್ಲವಾದರೆ ಕಡಲೆ. ಚಳಿ ಬಿದ್ದು ಕಡಲೆ ಗಿಡ ಹೂವಿಗೆ ಬರುವ ಹೊತ್ತಿಗೆ ಅದರ ಎಲೆಯ ಮೇಲೆ ಹುಳಿ ಒಸರುತ್ತದೆ. ಇಬ್ಬನಿಯ ಜೊತೆ ಅದು ಕೂಡಿರುವಾಗಲೇ, ಬಿಸಿಲೇರುವ ಮೊದಲು, ಒಗೆದ ಬಿಳಿ ಬಟ್ಟೆಯನ್ನು ಗಿಡಗಳ ಮೇಲೆ ಹಾಸಿ ಮೆಲ್ಲಗೆ ಎಳೆಯುತ್ತ ಹೋಗಬೇಕು. ಬಟ್ಟೆ ತೊಯ್ದು ಭಾರವಾದಾಗ ಬಟ್ಟಲಿಗೆ ಹಿಂಡಬೇಕು. ಸೋಸಿ ಸೀಸೆಗೆ ತುಂಬಿಟ್ಟರೆ ಹೊಟ್ಟೆನೋವಿಗೆ, ಅಜೀರ್ಣಕ್ಕೆ, ಬಾಯಿಯ ರುಚಿ ಕೆಟ್ಟದ್ದಕ್ಕೆ ಎಲ್ಲಕ್ಕೂ ಒಂದು ಚಮಚ. ನಮ್ಮವ್ವ ಅದನ್ನು ಮುರಿದ ಮನಸ್ಸಿಗೂ ಕೊಡುತ್ತಿದ್ದಳೋ ಏನೋ, ಯಾರೂ ಕೇಳಿರಲಿಲ್ಲ ಅಷ್ಟೇ.

ಇದರಲ್ಲಿ ಒಂದು ರೂಢಿಯಿದೆ. ಹಸಿ ಕಡಲೆ ಕಿತ್ತು ತಿಂದರೆ ಹೊಲದವರು ಬೈಯುತ್ತಾರೆ, ಅಟ್ಟಿಸಿಕೊಂಡೂ ಬರುತ್ತಾರೆ. ಹುಳಿಗೆಂದು ಬಟ್ಟೆ ಹಾಸಿದರೆ ಮಾತ್ರ ಯಾರೂ ಏನೂ ಅನ್ನುವುದಿಲ್ಲ. ಹೊಲ ಯಾರದೇ ಇರಲಿ, ಕೇಳುವ ಪದ್ಧತಿಯೇ ಇಲ್ಲ. ಇಬ್ಬನಿಗೆ ತನ್ನ ಹೆಸರಿನಲ್ಲಿ ಪಹಣಿ ಉತಾರ ತೆಗೆಸಿದ ರೈತ ನಮ್ಮ ತಾಲ್ಲೂಕಿನಲ್ಲಿ ಇನ್ನೂ ಹುಟ್ಟಿಲ್ಲ.

ಚಿಕ್ಕವಳಿದ್ದಾಗ ನಾನೂ ಹೊಟ್ಟೆನೋವಿನ ಹುಡುಗಿಯೇ. ಗುರುಗಳು ಮಗ್ಗಿ ಕೇಳುವ ದಿನ ಬೆಳಿಗ್ಗೆ ನನ್ನ ಹೊಕ್ಕಳ ಸುತ್ತ ಯಾರೋ ಕುಳಿತು ಹಗ್ಗ ಹೊಸೆಯತೊಡಗುತ್ತಿದ್ದರು. ಅಣ್ಣ ಅದಕ್ಕೆ 'ಸಾಲಿ ಬ್ಯಾನಿ' ಎಂದು ಹೆಸರಿಟ್ಟಿದ್ದ. ಅವ್ವ ಹೆಸರಿಡುವ ಗೊಡವೆಗೆ ಹೋಗುತ್ತಿರಲಿಲ್ಲ. ಹಿಂಗು ತೇಯ್ದು ಹೊಕ್ಕಳಿಗೆ ಹಚ್ಚುತ್ತಿದ್ದಳು, ಅಜವಾನ ಹುರಿದು ಬಾಯಿಗೆ ಹಾಕುತ್ತಿದ್ದಳು, ಆಮೇಲೆ ಹೊಟ್ಟೆಯ ಮೇಲೆ ಬೆಚ್ಚಗಿನ ಅಂಗೈ ಇಟ್ಟು ಸುತ್ತ ತಿರುಗಿಸುತ್ತ ನೋವನ್ನು ಊರಾಚೆ ಕಳಿಸುತ್ತಿದ್ದಳು.

"ಹೊಂಟ್ತು ನೋಡು ಬ್ಯಾನಿ. ಅಗಸಿ ದಾಟ್ತು. ಹಳ್ಳಕ್ಕಿಳದು ಕಾಲ ತೊಳಕೊಂಡ್ತು. ಅಣ್ಣಿಗೇರಿ ಟೇಷನ್ದಾಗ ಗಾಡಿ ಹತ್ತಿ ಖಿಡಕಿ ಬಾಜೂಕ ಕುಂತ್ತು. ಟಿಕೇಟು ತಗಸಿಲ್ಲ ಅದು, ಗದಗಿನ್ಯಾಗ ಹಿಡದು ಇಳಸ್ತಾರ."

ನೋವು ಗದಗಿನಲ್ಲಿ ಇಳಿಯುವಷ್ಟರಲ್ಲಿ ನನಗೆ ಜೊಂಪು ಹತ್ತಿರುತ್ತಿತ್ತು. ಗದಗಿನ ಮಕ್ಕಳ ಹೊಟ್ಟೆಯ ಗತಿಯೇನೆಂದು ನಾನು ಒಮ್ಮೆಯೂ ಯೋಚಿಸಲಿಲ್ಲ.

ಹುಳಿ ಹಿಡಿಯಲು ಅವ್ವನ ಜೊತೆ ನಾನೂ ಹೋಗುತ್ತಿದ್ದೆ. ಬಟ್ಟೆಯ ಒಂದು ತುದಿ ಅವಳ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ಲಂಗದ ಅಂಚು ತೊಯ್ದು ಕಾಲಿಗೆ ಅಂಟುತ್ತಿತ್ತು. ಒಡೆದ ಹಿಮ್ಮಡಿಗೆ ಹುಳಿ ತಾಗಿ ಚುರುಗುಟ್ಟುತ್ತಿತ್ತು. ಹಿಂಡಿದ ಮೇಲೆ ಅವ್ವ ಬಟ್ಟಲಿಗೆ ಬೆರಳು ಅದ್ದಿ ನಾಲಗೆಗೆ ಮುಟ್ಟಿಸಿ, ಒಂದು ಕಣ್ಣು ಮುಚ್ಚಿ, "ಹಾಂ, ಬಂದೈತಿ" ಎನ್ನುತ್ತಿದ್ದಳು. ಆ ಒಂದು ಕಣ್ಣು ಮುಚ್ಚುವುದನ್ನು ನೋಡಲೆಂದೇ ನಾನು ಚಳಿಯಲ್ಲಿ ಏಳುತ್ತಿದ್ದೆ ಎಂದು ಈಗ ಅನ್ನಿಸುತ್ತದೆ. ಆ ಬೆರಳಿನ ಮಾತು ಮತ್ತೆ ಬರುತ್ತದೆ.

ಈಗ ಅದೇ ಮನೆಯಲ್ಲಿ ಹೊಟ್ಟೆನೋವು ಅಣ್ಣನ ಮಗಳು ಶ್ರಾವಣಿಗೆ. ನಾನು ಅಣ್ಣಿಗೇರಿಯ ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುತ್ತೇನೆ, ತವರಿನಿಂದಲೇ ಬಸ್ಸಿನಲ್ಲಿ ಓಡಾಡುತ್ತೇನೆ. ಹೀಗಾಗಿ ಅವಳ ನೋವಿನ ಬೆಳಗುಗಳೆಲ್ಲ ನನ್ನ ಕಣ್ಣೆದುರೇ ಆದವು. ಈ ವರ್ಷ ಅವಳನ್ನು ಊರಿನ ಶಾಲೆ ಬಿಡಿಸಿ ಅಣ್ಣಿಗೇರಿಯ ಶಾಲೆಗೆ ಹಾಕಿದ್ದರು. ಹಳದಿ ವ್ಯಾನು ಊರಬಾಗಿಲಿನ ಅಗಸಿಯಲ್ಲಿ ಹಾರ್ನ್ ಹೊಡೆಯುವ ಹೊತ್ತಿಗೆ ಹುಡುಗಿ ಹೊಟ್ಟೆ ಹಿಡಿದು ಮುದ್ದೆಯಾಗಿ ಮಲಗುತ್ತಿದ್ದಳು. ಕೆಲವು ಸಲ ರಜೆಯ ದಿನವೂ ನೋವು ಬರುತ್ತಿತ್ತು. ಆದರೂ ಅಣ್ಣ, "ನಾಟಕ ಕಲತಾಳ" ಎಂದ. ತಾನೇ ಒಮ್ಮೆ ನನ್ನ ನೋವಿಗೆ ಹೆಸರಿಟ್ಟವನಲ್ಲವೆ. ವೈನಿ ಮಾತ್ರ ಮಗಳ ತಲೆ ತೊಡೆಯ ಮೇಲಿಟ್ಟುಕೊಂಡು ಕೂದಲು ಸವರುತ್ತ ಕೂರುತ್ತಿದ್ದಳು.

ಕೊನೆಗೆ ಹುಬ್ಬಳ್ಳಿಗೆ ಕರೆದೊಯ್ದೆವು. ಮಕ್ಕಳ ಡಾಕ್ಟರು ಹೊಟ್ಟೆ ಒತ್ತಿ ನೋಡಿದರು, ರಕ್ತ ನೋಡಿದರು, ಸ್ಕ್ಯಾನ್ ಮಾಡಿಸಿದರು. ಎಲ್ಲ ಸರಿಯಿತ್ತು. ಅಣ್ಣ ಗೆದ್ದವನ ಹಾಗೆ ನನ್ನ ಕಡೆ ನೋಡಿದ. ಡಾಕ್ಟರು ಅವನ ಮುಖವನ್ನು ಓದಿದರೆಂದು ಕಾಣುತ್ತದೆ. "ನೋವು ಖರೇ ಐತ್ರಿ" ಎಂದರು. "ಹುಡುಗಿ ಸುಳ್ಳ ಹೇಳಾಕ್ಹತ್ತಿಲ್ಲ. ಹೊಟ್ಟಿಗೂ ತಲಿಗೂ ನಡುವ ಒಂದ ತಂತಿ ಐತಿ ಅನ್ಕೋರಿ. ಅದು ಜರಾ ಬಿಗಿ ಆಗೇತಿ. ಸಡಲ ಮಾಡೂದು ಕಲಸೂಣು." ಜ್ವರ ಬಂದರೆ, ವಾಂತಿಯಾದರೆ, ತೂಕ ಇಳಿದರೆ, ನೋವು ನಿದ್ದೆಯಿಂದ ಎಬ್ಬಿಸಿದರೆ ತಡಮಾಡದೆ ಬರಬೇಕೆಂದೂ ಹೇಳಿದರು. ಶ್ರಾವಣಿ ಅಪ್ಪನನ್ನು ನೋಡಿದಳು. 'ಖರೇ ಐತಿ' ಎಂಬ ಆ ಎರಡು ಮಾತಿಗೇ ಅವಳ ಬಿಗಿದ ಭುಜ ಅರ್ಧ ಸಡಿಲಿತ್ತು.

ಬಾಜೂ ಕೋಣೆಯಲ್ಲಿದ್ದ ಸಲಹೆಗಾರ್ತಿ ಕಲಿಸಿದ್ದು ಇಷ್ಟು: ಅಂಗಾತ ಮಲಗುವುದು, ಹೊಟ್ಟೆಯ ಮೇಲೆ ಕೈ, ಮೂಗಿನಿಂದ ಉಸಿರು ಒಳಗೆ, ಬಾಯಿಂದ ನಿಧಾನವಾಗಿ ಹೊರಗೆ, ಕಣ್ಣು ಮುಚ್ಚಿ ತನಗೆ ಇಷ್ಟವಾದ ಜಾಗಕ್ಕೆ ಹೋಗುವುದು. ಅಲ್ಲಿ ಏನು ಕಾಣುತ್ತದೆ, ಏನು ಕೇಳುತ್ತದೆ, ಪಾದದ ಕೆಳಗೆ ನೆಲ ಹೇಗಿದೆ ಎಂದು ದೊಡ್ಡವರು ಮೆಲ್ಲಗೆ ಕೇಳುತ್ತ ಹೋಗಬೇಕು. ನೋವಿಲ್ಲದ ದಿನವೂ ಮಾಡಬೇಕು. ಶುರುವಿಗೆ ಇರಲಿ ಎಂದು ನನ್ನ ಮೊಬೈಲಿಗೆ ಒಂದು ಧ್ವನಿಮುದ್ರಣವನ್ನೂ ಹಾಕಿಕೊಟ್ಟರು.

ಆ ಸಂಜೆ ಅದನ್ನು ಹಚ್ಚಿದೆವು. ಜೇನಿನಂಥ ದನಿ. "ಈಗ ನೀನು ಸಮುದ್ರದ ದಂಡೆಯಲ್ಲಿ ಮಲಗಿರುವೆ. ಅಲೆಗಳು ನಿನ್ನ ಪಾದವನ್ನು ಸವರುತ್ತಿವೆ..." ಶ್ರಾವಣಿ ದಿಗ್ಗನೆ ಎದ್ದು ಕುಳಿತಳು.

"ಅತ್ತಿ, ನಾ ಮುಣಗಿದ್ರ?"

"ಮುಣಗೂದಿಲ್ಲಬೇ. ದಂಡಿ ಮ್ಯಾಲ ಅದೀ."

"ನೀರು ಕಾಲಿಗೆ ಬಂತಂತ ಆಕೀನ ಹೇಳಾಕ್ಹತ್ತಾಳಲ್ಲ!"

ಸಮುದ್ರ ಕಾಣದ ಹುಡುಗಿಗೆ ಸಮುದ್ರವೆಂದರೆ ಊರಿನ ಕೆರೆ ಒಡೆದದ್ದೇ ಇರಬೇಕು. ನಾನು ಬದಲಿಗೆ ಹೂದೋಟ ಕೊಟ್ಟೆ, ಬೇಡವೆಂದಳು. ಬೆಟ್ಟದ ಮೇಲಿನ ಮೋಡ ಕೊಟ್ಟೆ. "ಅತ್ತಿ, ನೀ ಪಾಠ ಹೇಳಾಕ್ಹತ್ತೀ" ಎಂದಳು. ಹದಿನೆಂಟು ತುಂಬಿದವರನ್ನು ನಿದ್ದೆಗೆ ಕೆಡಹುವ ನನ್ನ ದನಿಗೆ ಒಂಬತ್ತರ ಹುಡುಗಿ ಜಗ್ಗಲಿಲ್ಲ. ನಿನಗೆಲ್ಲಿ ಬೇಕೋ ಅಲ್ಲಿಗೆ ನೀನೇ ಹೋಗು ಎಂದಾಗ ಮಾತ್ರ ಅವಳ ಮುಖ ಸಡಿಲಾಯಿತು. ಅವಳು ಹೋದದ್ದು ಹಳ್ಳದ ಪಕ್ಕದ ಕಡಲೆ ಹೊಲಕ್ಕೆ.

ಅಂದಿನಿಂದ ದಿನವೂ ಹೊಲ. ಎರೆಮಣ್ಣು ಕಾಲಿಗೆ ಮೆತ್ತಿಕೊಂಡಿದೆ, ಬದುವಿನ ಜಾಲಿ ಗಿಡದಲ್ಲಿ ಹಕ್ಕಿ ಕೂತಿದೆ, ಗಾಳಿ ತಣ್ಣಗಿದೆ. ಅವಳು ನೋಡಿದ್ದನ್ನೆಲ್ಲ ನೋಡಿದ ಹಾಗೆಯೇ ಹೇಳುತ್ತಿದ್ದಳು. ಒಂದಿಷ್ಟೂ ಬಣ್ಣ ಬಳಿಯುತ್ತಿರಲಿಲ್ಲ. ನೋವು ಪೂರ್ತಿ ಹೋಯಿತೆಂದು ಹೇಳಲಾರೆ. ಬಂದರೂ ಬೇಗ ಹೋಗತೊಡಗಿತು. ವ್ಯಾನಿನ ಹಾರ್ನಿಗೆ ಅವಳು ಬೂಟು ಹುಡುಕುವುದು ಕಂಡಾಗ ವೈನಿ ಅಡುಗೆಮನೆಯಲ್ಲಿ ಬೆನ್ನು ತಿರುಗಿಸಿ ಕಣ್ಣೊರೆಸಿಕೊಂಡಳು.

ಅವ್ವನಿಗೆ ಮಾತ್ರ ನಂಬಿಕೆಯಿಲ್ಲ. "ಕಣ್ಣ ಮುಚ್ಚಿದ್ರ ಬ್ಯಾನಿ ಹೋಗತಿತ್ತಂದ್ರ ನಾ ಇಷ್ಟ ವರ್ಷ ಅಜವಾನ ಯಾಕ ಹುರದೆ?"

"ನೀನೂ ಇದನ್ನ ಮಾಡತಿದ್ದಿ ಅವ್ವ. ನನ್ನ ಬ್ಯಾನಿ ಗದಗಿನ ಗಾಡಿ ಹತ್ತಸ್ತಿದ್ದಿಲ್ಲ?"

"ಅದು ಬ್ಯಾರೆ. ಅದರಾಗ ನನ್ನ ಕೈ ಇತ್ತು."

ಇನ್ನು ಆ ಸೋಮವಾರ. ಶಾಲೆಯಲ್ಲಿ ಪರೀಕ್ಷೆ ಶುರುವಾಗುವ ದಿನ. ಹಿಂದಿನ ದಿನ ಅವ್ವ ನವಲಗುಂದದ ತಂಗಿಯ ಮನೆಗೆ ಹೋಗಿ ಕತ್ತಲಾದ ಮೇಲೆ ಬಂದಿದ್ದಳು. ಪರೀಕ್ಷೆಯ ದಿನ ಮೊಮ್ಮಗಳ ಹೊಟ್ಟೆ ಕೆಣಕುತ್ತದೆಂದು ಮೊದಲೇ ಊಹಿಸಿ, ಯಾರನ್ನೂ ಎಬ್ಬಿಸದೆ ನಸುಕಿನಲ್ಲಿ ಬಿಳಿ ಧೋತರ ಹಿಡಿದು ಹೋದಳು. ನಮ್ಮ ಹೊಲದಲ್ಲಿ ಈ ಸಲ ಜೋಳ. ಹತ್ತಿರದಲ್ಲಿ ಕಡಲೆ ಇದ್ದದ್ದು ಹಳ್ಳದ ಪಕ್ಕದ ಈರಪ್ಪ ಕಾಕಾನ ಹೊಲದಲ್ಲಿ. ಅಲ್ಲೇ ಹಾಸಿದಳು, ಹಿಂಡಿದಳು, ಬಂದಳು. ಬಂದವಳೇ ಹಿಂಗು ತೇಯ್ದು ಅಜವಾನ ಹುರಿದಿದ್ದರಿಂದ ಮನೆಯೆಲ್ಲ ಅದೇ ವಾಸನೆ. ತಂತಿಗೆ ಹಾಕಿದ ಆ ಧೋತರದ ವಾಸನೆಗೆ ಯಾರ ಮೂಗಿನಲ್ಲೂ ಜಾಗವಿರಲಿಲ್ಲ.

ಶ್ರಾವಣಿ ಚಾಪೆಯ ಮೇಲೆ ಮುದುಡಿ ಮಲಗಿದ್ದಳು. ನಾನು ಪಕ್ಕದಲ್ಲಿ ಕುಳಿತೆ. ಅವ್ವ ಬಟ್ಟಲು, ಚಮಚ ಹಿಡಿದು ಬಂದಳು.

"ಸರಿ ಅತ್ತಾಗ. ಮೊದಲ ಇದೊಂದ ಚಮಚ ಹಾಕ್ತೀನಿ."

"ಸ್ವಲ್ಪ ತಡಿ ಅವ್ವ. ಇಕಿ ಕಣ್ಣ ಮುಚ್ಯಾಳ."

"ನೀ ಮುಗಸೂತನಕ ಇದು ಇನ್ನೂ ಹುಳಿ ಆಗ್ತೈತಿ."

"ಆಗಲಿ. ಮೊದಲ ನಂದು, ಆಮ್ಯಾಲ ನಿಂದು."

"ಕಲತಾಕಿ, ನಿನ್ನ ಮಾತ ನಡೀಲಿ" ಎಂದು ಅವ್ವ ಅಲ್ಲೇ ಕುಕ್ಕರಗಾಲಿನಲ್ಲಿ ಕುಳಿತಳು. ಚಮಚ ತುಂಬಿಯೇ ಹಿಡಿದಿದ್ದಳು. ನನ್ನದು ಮುಗಿದ ಕ್ಷಣವೇ ಹಾಕಬೇಕೆಂದು.

ನಾನು ನನ್ನ ಮೆತ್ತನೆಯ ದನಿ ತೆಗೆದೆ. "ಎಲ್ಲದೀ ಶ್ರಾವಣಿ?"

"ಹೊಲದಾಗ."

"ಏನ ಕಾಣತೈತಿ?"

"ಕಾಕಾ."

"ಕಾಕಾ ಏನ ಮಾಡಾಕ್ಹತ್ಯಾನ?"

"ಹೊಂಟಾನ. ಬೆನ್ನಿಗೆ ನೀಲಿ ಡಬ್ಬಿ ಐತಿ. ಮಾರಿಗೆ ಟಾವೆಲ್ ಸುತ್ಯಾನ. ಹುಸ್ ಹುಸ್ ಅಂತ ಸಪ್ಪಳ ಬರತೈತಿ. ಗಿಡದ ಮ್ಯಾಲ ಸಣ್ಣ ಮಳಿ ಬಿದ್ದಂಗ ಬೀಳತೈತಿ."

ನಾನು ಏನು ಮಾಡಿದೆ ಗೊತ್ತೆ? ಅವಳ ಮನಸ್ಸಿನ ಚಿತ್ರ ಕೆಡುತ್ತಿದೆ, ಹಿತವಾದದ್ದಕ್ಕೆ ತಿರುಗಿಸಬೇಕು ಎಂದುಕೊಂಡೆ. ಸಲಹೆಗಾರ್ತಿ ಹಾಗೇ ಹೇಳಿದ್ದರು. "ಆತು, ಕಾಕಾ ಈಗ ಮನಿಗೆ ಹೋದ. ತಂಪ ಗಾಳಿ ಬಂತು..." ಎಂದೆ.

ಹುಡುಗಿ ಕಣ್ಣು ಮುಚ್ಚಿಕೊಂಡೇ ತಲೆಯಾಡಿಸಿದಳು. "ಇಲ್ಲತ್ತಿ, ಹೋಗೂದಿಲ್ಲ ಅವಾ. ನಿನ್ನಿ ಸಂಜಿಮುಂದ ನೋಡೇನಲ್ಲ, ಅದ ಬರಾಕ್ಹತ್ತೈತಿ. ಕೀಡಿ ಬಿದ್ದಾವು, ಎಣ್ಣಿ ಹೊಡ್ಯಾಕ್ಹತ್ತೇನಿ, ಇತ್ತಾಗ ಬರಬ್ಯಾಡ್ರಿ ಅಂತ ನಮ್ಮನ್ನೆಲ್ಲಾ ಓಡಿಸಿದ."

ಎಣ್ಣೆ ಎಂದರೆ ನಮ್ಮ ಕಡೆ ಹೊಲಕ್ಕೆ ಹೊಡೆಯುವ ವಿಷ. ನನಗೆ ಅದು ತಟ್ಟುವ ಮೊದಲು ಅವ್ವನ ದನಿ ಕೇಳಿತು. ಅವಳ ದನಿ ಅಷ್ಟು ಸಣ್ಣದಾಗಿದ್ದನ್ನು ನಾನು ಕೇಳಿರಲಿಲ್ಲ.

"ಯಾವ ಹೊಲ ಕೂಸ?"

"ಹಳ್ಳದ ಬಾಜೂದು, ಆಯಿ. ಈರಪ್ಪ ಕಾಕಾಂದು."

ಚಮಚ ಗಾಳಿಯಲ್ಲಿ ಹಾಗೇ ನಿಂತಿತ್ತು. ಹುಡುಗಿಯ ತುಟಿಗೂ ಅದಕ್ಕೂ ನಡುವೆ ಇದ್ದದ್ದು ಒಂದು ಗೇಣು, ಮತ್ತು ಕಡಲೆ ಹೊಲದಿಂದ ಹೋಗಲೊಪ್ಪದ ಒಬ್ಬ ಕಾಕಾ. ಅವ್ವ ಒಂದು ಹನಿಯೂ ತುಳುಕದಂತೆ ಅದನ್ನು ಬಟ್ಟಲಿಗೆ ಇಳಿಸಿ, ಬಟ್ಟಲನ್ನು ದೂರ ತಳ್ಳಿದಳು. ಆಮೇಲೆ ತನ್ನ ಬಲಗೈಯ ಬೆರಳನ್ನು ನೋಡಿಕೊಂಡಳು.

"ನಾ ನೆಕ್ಕಿ ನೋಡೀನಿ" ಎಂದಳು. "ಬಂದೈತೇನಂತ."

ಮುಂದಿನದು ನನಗೆ ಚೂರುಚೂರಾಗಿ ನೆನಪಿದೆ. ಅವ್ವನ ಕೈಯನ್ನು ಸಾಬೂನಿನಿಂದ ಉಜ್ಜುತ್ತಿದ್ದ ವೈನಿ. ಯಾರದೋ ಗಾಡಿ ತರಲು ಓಡಿದ ಅಣ್ಣ. ಫೋನಿಗೆ ಉತ್ತರ ಕೊಡುವ ಬದಲು ಬರಿಗಾಲಿನಲ್ಲಿ ಓಡಿಬಂದ ಈರಪ್ಪ ಕಾಕಾ. ಅವನ ಕೈಯಲ್ಲಿ ಆ ಎಣ್ಣೆಯ ಖಾಲಿ ಬಾಟಲಿ ಇತ್ತು, ಡಾಕ್ಟರಿಗೆ ತೋರಿಸಲೆಂದು. ಅವನ ಕಣ್ಣಲ್ಲಿ ನೀರು.

"ಅಕ್ಕಾ, ಒಂದ ಮಾತ ಕೇಳಬಾರದಾಗಿತ್ತ?"

"ಹುಳಿಗೆ ಯಾವಾಗ ಕೇಳೇವೋ ತಮ್ಮಾ?" ಎಂದಳು ಅವ್ವ. ಇಬ್ಬರದೂ ತಪ್ಪಿರಲಿಲ್ಲ. ಹುಳಿಗೆ ಕೇಳುವ ಪದ್ಧತಿಯಿರಲಿಲ್ಲ, ಎಣ್ಣೆ ಹೊಡೆದದ್ದನ್ನು ಡಂಗುರ ಹೊಡೆಸುವ ಪದ್ಧತಿಯೂ ಇರಲಿಲ್ಲ. ಹಳೆಯ ರೂಢಿಯೊಂದು ಹೊಸ ಡಬ್ಬಿಯೊಂದರ ಎದುರಿಗೆ ಬಂದು ನಿಂತಿತ್ತು. ನಡುವೆ ಮಲಗಿದ್ದವಳು ನಮ್ಮ ಹುಡುಗಿ.

ಅವ್ವ ಗಟ್ಟಿಯಾಗಿದ್ದಾಳೆ, ಅದನ್ನು ಈಗಲೇ ಹೇಳಿಬಿಡುತ್ತೇನೆ. ನಿಮ್ಮನ್ನು ಹೆದರಿಸಿ ನನಗೇನೂ ಆಗಬೇಕಾಗಿಲ್ಲ. ನಾಲಗೆಗೆ ಹೋದದ್ದು ಕೊಂಚವೇ. ಆಸ್ಪತ್ರೆಯಲ್ಲಿ ಇಟ್ಟುಕೊಂಡು ನೋಡಿ ಕಳಿಸಿದರು. ಈಗ ಮತ್ತೆ ಅಜವಾನ ಹುರಿಯುತ್ತಾಳೆ. ಈರಪ್ಪ ಕಾಕಾ ಎಣ್ಣೆ ಹೊಡೆದದ್ದರ ಗುರುತಿಗೆ ಹೊಲದ ಬದುವಿನಲ್ಲಿ ಕೋಲು ನೆಟ್ಟು ಕೆಂಪು ಅರಿವೆ ಕಟ್ಟಿದ್ದಾನೆ. ಅವನನ್ನು ನೋಡಿ ಇನ್ನೂ ಕೆಲವರು ಕಟ್ಟಿದ್ದಾರೆ. ಬಸ್ಸಿನ ಕಿಟಕಿಯಿಂದ ಕಾಣುತ್ತವೆ.

ಗಟ್ಟಿಯಾಗಬೇಕಾದವಳು ನಾನು. ಪಾಠದ ನಡುವೆ ಬೇಡಿಕೆ-ಪೂರೈಕೆಯ ರೇಖೆ ಎಳೆಯುತ್ತಿರುವಾಗ ಚಮಚ ಬಂದು ನಿಲ್ಲುತ್ತದೆ. ಅವ್ವನ ಮಾತು ಮೊದಲು ನಡೆದಿದ್ದರೆ? ಹುಡುಗಿ ಅಂದು ಹೂದೋಟಕ್ಕೆ ಒಪ್ಪಿಕೊಂಡಿದ್ದರೆ? ಕಾಕಾನನ್ನು ಮನೆಗೆ ಕಳಿಸಲು ನಾನು ಹೊರಟಾಗ ಅವಳು ಹೂಂ ಅಂದುಬಿಟ್ಟಿದ್ದರೆ? ಸಲಹೆಗಾರ್ತಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವರು, "ನೀವೂ ದಿನಾ ಕಣ್ಣ ಮುಚ್ಚಿ ಉಸಿರು ಬಿಡ್ರಿ" ಎಂದರು. ಬಿಡುತ್ತೇನೆ. ಮೂಗಿನಿಂದ ಒಳಗೆ, ಬಾಯಿಂದ ಹೊರಗೆ. ಹೋಗಲು ಒಂದು ಜಾಗ ಬೇಕಲ್ಲ, ಆಗೆಲ್ಲ ನಾನು ಆ ದಿನದ ಗಾಡಿಗೇ ಹೋಗುತ್ತೇನೆ.

ಅಣ್ಣಿಗೇರಿಯಲ್ಲಿ ಡಾಕ್ಟರಿಗೆ ತೋರಿಸಿ, ಅವರ ಮಾತಿನಂತೆ ಹುಬ್ಬಳ್ಳಿಯ ದಾರಿ ಹಿಡಿದಿದ್ದೆವು. ಮುಂದೆ ಅಣ್ಣ, ಹಿಂದೆ ನಾವು ಮೂವರು. ಶ್ರಾವಣಿಯನ್ನು ಮನೆಯಲ್ಲಿ ಬಿಡಲು ನೋಡಿದರೆ ಅವಳು ಅವ್ವನ ಸೆರಗು ಬಿಟ್ಟಿರಲಿಲ್ಲ. ಅವ್ವನ ಮುಖ ಬಿಳುಚಿತ್ತು. ಹೊಟ್ಟೆ ತೊಳಸುತ್ತಿದೆ ಎಂದಳು. ಅದು ವಿಷವೋ ಭಯವೋ ಯಾರಿಗೂ ಗೊತ್ತಿರಲಿಲ್ಲ. ನನ್ನ ಮೆತ್ತನೆಯ ದನಿ ಎಲ್ಲೋ ಹೋಗಿತ್ತು.

"ಆಯಿ, ಕಣ್ಣ ಮುಚ್ಚು" ಎಂದಳು ಶ್ರಾವಣಿ.

ಅವ್ವ ಮುಚ್ಚಿದಳು.

"ಮೂಗಿಲೆ ಉಸರ ತಗೋ. ಬಾಯಿಲೆ ಸಾವಕಾಶ ಬಿಡು. ಬಿಸಿ ಚಾ ಆರಸಿದಂಗ." ಹುಡುಗಿ ತನ್ನ ಅಂಗೈಯನ್ನು ಅಜ್ಜಿಯ ಹೊಟ್ಟೆಯ ಮೇಲಿಟ್ಟು ಸುತ್ತ ತಿರುಗಿಸುತ್ತಿದ್ದಳು. ಅದನ್ನು ಹುಬ್ಬಳ್ಳಿಯಲ್ಲಿ ಯಾರೂ ಕಲಿಸಿರಲಿಲ್ಲ.

"ಎಲ್ಲಿ ಹೋಗೂಣು? ಹೊಲಕ್ಕ?" ಎಂದಳು ಅವ್ವ.

"ಹೊಲಕ್ಕ ಬ್ಯಾಡ. ಅಲ್ಲಿ ಕಾಕಾ ಅದಾನ. ಸಮುದ್ರಕ್ಕ ಹೋಗೂಣು."

"ಯವ್ವಾ, ನಾ ಸಮುದ್ರ ಕಂಡಿಲ್ಲಲ್ಲ."

"ನಾನೂ ಕಂಡಿಲ್ಲ."

"ಮುಣಗಿದ್ರ?"

"ನಾ ಕೈ ಹಿಡದೀನಲ್ಲ."

ಗಾಡಿ ಓಡುತ್ತಿತ್ತು. ಎರಡೂ ಬದಿಗೆ ಕಪ್ಪು ನೆಲ, ಅದರ ಮೇಲೆ ಹಸಿರು. ಅವ್ವನ ಹುಬ್ಬಿನ ಗಂಟು ಮೆಲ್ಲಗೆ ಬಿಚ್ಚಿಕೊಂಡಿತು. "ಹಾಂ, ಸಪ್ಪಳ ಕೇಳತೈತಿ" ಎಂದಳು. "ಕಣದಾಗ ಜ್ವಾಳ ತೂರಿದಂಗ."

ಶ್ರಾವಣಿ ನನ್ನ ಕಡೆ ತಿರುಗಿದಳು. "ಹಂಗ ಇರ್ತೈತೇನು ಅತ್ತಿ?"

ನಾನು ಕಾಲೇಜಿನ ಪ್ರವಾಸದಲ್ಲಿ ಕಾರವಾರದ ದಂಡೆಯ ಮೇಲೆ ಇಡೀ ಮಧ್ಯಾಹ್ನ ಕುಳಿತಿದ್ದವಳು. ಸಮುದ್ರದ ಸಪ್ಪಳ ಜೋಳ ತೂರಿದ ಹಾಗಿರುವುದಿಲ್ಲ.

"ಹೂಂ" ಎಂದೆ. "ಅಗದಿ ಹಂಗ ಇರ್ತೈತಿ."

ಈಗ ನನಗೂ ಅದು ಹಾಗೆಯೇ ಕೇಳುತ್ತದೆ.